ಕಣ್ಣಿಗೆ ವಿಭೂತಿ ಹಚ್ಚಿದ ವರ್ಷ

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕೆ.ಜಿ.ಎಫ್. ರೈಲಿಗೆ ಕಾಯುವಾಗ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ನನ್ನನ್ನು ಗುರುತು ಹಿಡಿದು ಮಾತಾಡಿಸುತ್ತಾರೆ. ನೀವು ಯುದ್ಧವಿಮಾನದ ಕೆಲಸ ಮಾಡಿದವರಂತೆ, ಅಲ್ಲವಾ ಸಾರ್ ಎಂದು ಕೇಳುತ್ತಾರೆ. ಹೌದು ಎಂದು ಹೇಳಿ ಸುಮ್ಮನಾದರೆ ನನ್ನ ಮರ್ಯಾದೆ ಉಳಿಯುತ್ತದೆ. ಆದರೆ ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ನಮ್ಮ ಷೆಡ್ಡಿಗೆ ಒಂದು ದಿನವೂ ವಿಮಾನ ಬರಲಿಲ್ಲ, ಬರುತ್ತಿದ್ದದ್ದು ಅಲ್ಯೂಮಿನಿಯಂ ಹಾಳೆ, ಹೋಗುತ್ತಿದ್ದದ್ದು ಟ್ಯಾಂಕು ಎಂದು ಹೇಳಿಬಿಡುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ಗ್ರೇಡಿಗೆ ಏರಿದೆ ಎಂಬುದು ಸರ್ವಿಸ್ ರಿಜಿಸ್ಟರಿನಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ.

ಯುದ್ಧವಿಮಾನದ ಒಳಗೆ ಹಿಡಿಸುವ ಇಂಧನ ಬಹಳ ಕಡಿಮೆ. ದೂರ ಹೋಗಬೇಕೆಂದರೆ ರೆಕ್ಕೆಯ ಕೆಳಗೋ ಹೊಟ್ಟೆಯ ಕೆಳಗೋ ಉದ್ದನೆಯ ಟ್ಯಾಂಕು ತೂಗುಹಾಕಬೇಕು. ಎರಡು ತುದಿಯೂ ಚೂಪು, ನಡು ದಪ್ಪ, ಎರಡಾಳುದ್ದದ ತೊಂಡೆಕಾಯಿ ಎಂದುಕೊಳ್ಳಿ. ಶತ್ರು ಎದುರಾದರೆ ಪೈಲಟ್ ಒಂದು ಗುಂಡಿ ಒತ್ತಿ ಅದನ್ನು ಕೆಳಗೆ ಬೀಳಿಸಿ ಹಗುರಾಗುತ್ತಾನೆ. ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಆಚೆ, ಅದರ ಬಿಳಿ ಮಣ್ಣಿನ ಗುಡ್ಡಗಳು ಕಾಣುವ ಹಾಗೆ ನಮ್ಮ ಷೆಡ್ಡು ಇತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಅಲ್ಲಿಗೆ ಸೇರಿದಾಗ ಅಲ್ಲಿ ನಡೆಯುತ್ತಿದ್ದದ್ದು ಆ ತೊಂಡೆಕಾಯಿಗಳ ಕೆಲಸ ಒಂದೇ.

ನಮ್ಮದು ಬಂಗಾರಪೇಟೆಯಿಂದ ಎರಡು ಮೈಲಿಯ ಹಳ್ಳಿ. ಮನೆಯಲ್ಲಿ ಹಸು ಇದ್ದವು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಕೈಯ ಸಗಣಿ ವಾಸನೆ ಹೋಗುವಷ್ಟರಲ್ಲಿ ರೈಲು ಹಿಡಿಯಬೇಕು. ಐ.ಟಿ.ಐ. ಮುಗಿಸಿದ್ದೆ ಎಂಬುದನ್ನು ಬಿಟ್ಟರೆ ನನಗೆ ಬೇರೆ ಯಾವ ಯೋಗ್ಯತೆಯೂ ಇರಲಿಲ್ಲ. ಸಂದರ್ಶನದ ದಿನ ತಪಾಸಣೆ ಅಧಿಕಾರಿ ಮೂರ್ತಿ ಸಾರ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಕೇಳಲಿಲ್ಲ. ಗಾಳಿ ತುಂಬಿಸಿದ ಒಂದು ಹಳೇ ಟ್ಯಾಂಕಿನ ಮುಂದೆ ನಿಲ್ಲಿಸಿ, ಸೋಪಿನ ನೀರಿನ ಡಬ್ಬ ಮತ್ತು ಬ್ರಷ್ ಕೊಟ್ಟು, ಇದರಲ್ಲಿ ಮೂರು ಕಡೆ ಸೋರುತ್ತದೆ, ಹುಡುಕು ಎಂದರು.

ಹಾಲಿನ ಕ್ಯಾನು ಸೋರುವ ಜಾಗ ಹುಡುಕುವುದು ನನಗೆ ಎಳವೆಯಿಂದ ರೂಢಿ. ಕೆನ್ನೆ ಒದ್ದೆ ಮಾಡಿಕೊಂಡು ಬೆಸುಗೆಯ ಉದ್ದಕ್ಕೂ ಹತ್ತಿರ ಹಿಡಿದರೆ ಸೂಜಿ ಮೊನೆಯಷ್ಟು ಗಾಳಿ ಬಂದರೂ ತಣ್ಣಗೆ ತಿಳಿಯುತ್ತದೆ. ಹಾಗೆ ಮಾಡಿ ಮೊದಲು ಕೆನ್ನೆಯಿಂದ ಹುಡುಕಿ, ಆಮೇಲೆ ಸೋಪು ಹಚ್ಚಿ ಗುಳ್ಳೆ ತೋರಿಸಿದೆ. ನಾಲ್ಕು ಸಿಕ್ಕವು. ಮೂರ್ತಿ ಸಾರ್ ನಾಲ್ಕನೆಯದನ್ನು ತುಂಬಾ ಹೊತ್ತು ನೋಡಿದರು. ಅದು ಅವರಿಗೂ ಗೊತ್ತಿರಲಿಲ್ಲವಂತೆ. ನನಗೆ ಕೆಲಸ ಸಿಕ್ಕಿದ್ದು ಹಾಗೆ. ಈಗಿನವರು ಹೀಲಿಯಂ ಯಂತ್ರವಿಟ್ಟು ಸೋರಿಕೆ ಹುಡುಕುತ್ತಾರೆ. ಅದು ಒಳ್ಳೆಯದೇ, ನನ್ನ ಕೆನ್ನೆಗಿಂತ ಸಾವಿರ ಪಾಲು ಚುರುಕು. ಆದರೂ ಯಂತ್ರ ಕೆಟ್ಟ ದಿನ ಏನು ಮಾಡುತ್ತೀರಿ ಎಂದು ನಾನು ಕೇಳದೆ ಬಿಡುವುದಿಲ್ಲ.

ಬೆಸುಗೆ ಹಾಕುತ್ತಿದ್ದವರು ಸೆಲ್ವರಾಜ್ ಮೇಸ್ತ್ರಿ. ನಂದಿದುರ್ಗದ ಗಣಿ ಕೂಲಿಗಳ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದವರು. ಅವರ ಅಪ್ಪ ಗಣಿಯೊಳಗೆ ಇಳಿಯುತ್ತಿದ್ದವರು. ಮೇಸ್ತ್ರಿ ಮಾತ್ರ ಮೇಲೇ ಉಳಿದು, ಗಣಿಯ ವರ್ಕ್‌ಷಾಪಿನಲ್ಲಿ ಕೆಳಕ್ಕೆ ಗಾಳಿ ಕಳಿಸುವ ತಗಡಿನ ಕೊಳವೆ ಮಾಡುತ್ತಿದ್ದರು. ಚಿನ್ನ ಕಡಿಮೆಯಾಗುತ್ತ ಬಂದಾಗ ನಮ್ಮ ಷೆಡ್ಡಿಗೆ ಬಂದರು. ಮನೆಯಲ್ಲಿ ತಮಿಳು, ಮಾರ್ಕೆಟ್ಟಿನಲ್ಲಿ ತೆಲುಗು, ನನ್ನ ಹತ್ತಿರ ಮೂರೂ ಬೆರೆಸಿದ ಕನ್ನಡ. ನನ್ನನ್ನು ತಮ್ಮ ಎನ್ನುವ ಹಾಗೆ ತಂಬಿ ಎನ್ನುತ್ತಿದ್ದರು. ಹಣೆಗೆ ಮೂರು ಎಳೆ ವಿಭೂತಿ, ಮೂಗಿನ ತುದಿಗೆ ಕನ್ನಡಕ. ಗ್ಯಾಸಿನ ಉರಿಯಲ್ಲಿ ಅಲ್ಯೂಮಿನಿಯಂ ಬೆಸೆಯುವುದು ಎಂಥ ಕಷ್ಟ ಎಂದು ಮಾಡಿದವರಿಗೇ ಗೊತ್ತು. ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, ನೋಡುತ್ತಿದ್ದ ಹಾಗೇ ಕುಸಿದು ತೂತು ಬೀಳುತ್ತದೆ. ಮೇಸ್ತ್ರಿಯ ಬೆಸುಗೆ ಮಾತ್ರ ಒಳ್ಳೆ ದರ್ಜಿಯ ಹೊಲಿಗೆಯಂತೆ ಒಂದೇ ಅಳತೆಯಲ್ಲಿ ಸಾಗುತ್ತಿತ್ತು.

ಸೇರಿದ ಹೊಸತರಲ್ಲಿ ನಾನೊಂದು ದೊಡ್ಡತನದ ಮಾತಾಡಿದ್ದೆ. ಎಸೆದುಬಿಡುವ ಸಾಮಾನಿಗೆ ಇಷ್ಟೊಂದು ಉಪಚಾರ ಯಾಕೆ ಮೇಸ್ತ್ರಿ ಎಂದು ಕೇಳಿದೆ. ಅವರಿಗೆ ಕೋಪ ಬರಲಿಲ್ಲ. ಎಸೆಯೋ ತನಕ ಆ ಹುಡುಗನ ಜೀವ ಅದರೊಳಗೇ ಇರುತ್ತಲ್ಲ ಎಂದರು. ಪೈಲಟ್ ಎಂದು ಅವರು ಎಂದೂ ಹೇಳಿದವರಲ್ಲ. ಯಾವಾಗಲೂ ಆ ಹುಡುಗ.

ಮೂರ್ತಿ ಸಾರ್ ಬಗ್ಗೆ ಎರಡು ಮಾತು ಹೇಳಬೇಕು. ತೆಳ್ಳಗೆ, ಇಸ್ತ್ರಿ ಮಾಡಿದ ಬಿಳಿ ಷರ್ಟು, ಜೇಬಿನಲ್ಲಿ ಪುಟ್ಟ ಕನ್ನಡಿ. ಆ ಕನ್ನಡಿ ತಲೆ ಬಾಚಿಕೊಳ್ಳಲು ಅಲ್ಲ, ಟ್ಯಾಂಕಿನ ಕೈತೂತಿನೊಳಗೆ ಇಳಿಸಿ ಒಳಗೋಡೆ ನೋಡಲು. ಟ್ಯಾಂಕು ಮುಗಿದ ಮೇಲೆ ಅದನ್ನು ಉರುಳೆಗಳ ಮೇಲಿಟ್ಟು ಮೆಲ್ಲಗೆ ತಿರುಗಿಸಿ, ಅಂಗಡಿಯಲ್ಲಿ ತೆಂಗಿನಕಾಯಿ ಅಲ್ಲಾಡಿಸಿ ಕೇಳುವವರ ಹಾಗೆ ಕಿವಿಗೊಡುತ್ತಿದ್ದರು. ಒಂದು ಸಲ ಎಲ್ಲರೂ ಪಾಸು ಮಾಡಿದ ಟ್ಯಾಂಕಿನಲ್ಲಿ ಅವರಿಗೆ ಏನೋ ಸರಿದ ಸದ್ದು ಕೇಳಿತು. ಬಿಚ್ಚಿದರೆ ಒಳಗೆ ನಾನು ಒರೆಸಿ ಮರೆತಿದ್ದ ಬಟ್ಟೆಯ ತುಂಡು. ಆ ಬಟ್ಟೆ ಇಂಧನದ ಕೊಳವೆಗೆ ಸಿಕ್ಕಿಕೊಂಡಿದ್ದರೆ ಆಕಾಶದಲ್ಲಿ ಎಂಜಿನ್ ನಿಲ್ಲುತ್ತಿತ್ತು. ಅವರು ಬೈಯಲಿಲ್ಲ. ಬಟ್ಟೆಯನ್ನು ಮಡಿಸಿ ನನ್ನ ಜೇಬಿಗೆ ಇಟ್ಟು, ಒಂದು ವಾರ ಇದನ್ನು ಇಟ್ಟುಕೊಂಡು ಓಡಾಡು ಎಂದರು. ಸೀಮೆಎಣ್ಣೆ ವಾಸನೆಯ ಆ ಬಟ್ಟೆ ಜೇಬಿನಲ್ಲಿದ್ದ ವಾರ ರೈಲಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಅಂದಿನಿಂದ ಒಳಗೆ ಹೋದ ಬಟ್ಟೆ ಎಷ್ಟು, ಹೊರಗೆ ಬಂದದ್ದೆಷ್ಟು ಎಂದು ಗೋಡೆಯ ಹಲಗೆಯ ಮೇಲೆ ಬರೆಯುವ ಪದ್ಧತಿ ಬಂತು. ನಿಮ್ಮಲ್ಲಿ ಈಗಲೂ ಆ ಪದ್ಧತಿ ಇದ್ದರೆ ಅದಕ್ಕೆ ಕಾರಣ ನಾನೇ.

ನೀರಿನದೂ ಒಂದು ಕಥೆ ಇದೆ. ಬೆಸೆಯುವಾಗ ಹಚ್ಚುವ ಪುಡಿ, ಕೆಲಸವಾದ ಕೂಡಲೇ ಬಿಸಿನೀರಿನಲ್ಲಿ ತೊಳೆಯದಿದ್ದರೆ ಅಲ್ಯೂಮಿನಿಯಮ್ಮನ್ನು ಗೆದ್ದಲಿನ ಹಾಗೆ ತಿಂದುಹಾಕುತ್ತದೆ. ಒಂದು ಬೇಸಿಗೆಯಲ್ಲಿ ಬೇತಮಂಗಲದ ಕೆರೆಯಿಂದ ನೀರು ಎರಡು ದಿನ ಬರಲಿಲ್ಲ. ಮೇಲಿನವರಿಗೆ ಲೆಕ್ಕಕ್ಕೆ ಟ್ಯಾಂಕು ಬೇಕು. ನೀರು ಬಂದ ಮೇಲೆ ತೊಳೆದರಾಯಿತು, ಬೆಸುಗೆ ನಿಲ್ಲಿಸಬೇಡಿ ಎಂದು ಫೋನು ಬಂತು. ಮೇಸ್ತ್ರಿ ಉರಿ ಆರಿಸಿ, ಕೈಕಟ್ಟಿ ಕುಳಿತರು. ನೀರಿಲ್ಲದೆ ಬೆಸೆಯಲ್ಲ ಎಂದರೆ ಬೆಸೆಯಲ್ಲ. ಮೂರ್ತಿ ಸಾರ್ ಫೋನಿನಲ್ಲಿ, ನಮ್ಮ ಬೆಸುಗೆಯವರಿಗೆ ಮೈ ಸರಿಯಿಲ್ಲ ಎಂದು ಹೇಳಿ ಇಟ್ಟುಬಿಟ್ಟರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ಆರ್ಗಾನ್ ಬೆಸುಗೆ ಬಂತು, ಪುಡಿಯೂ ಹೋಯಿತು, ತೊಳೆಯುವ ಕಷ್ಟವೂ ಹೋಯಿತು. ಮೇಸ್ತ್ರಿ ತಿಂಗಳೊಳಗೆ ಅದನ್ನೂ ಕಲಿತರು.

ಹೀಗೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅವರು ಬೆಸೆದದ್ದನ್ನು ನಾನು ಪರೀಕ್ಷಿಸಿದೆ. ತಪ್ಪು ಸಿಕ್ಕಿದರೆ ಹೇಳುತ್ತಿದ್ದೆ, ಅವರು ನಗುತ್ತ ಬಂದು ಸರಿಮಾಡುತ್ತಿದ್ದರು. ಮಧ್ಯಾಹ್ನ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ನನ್ನ ರಾಗಿಮುದ್ದೆ ಅವರ ಸಾಂಬಾರು ಹಂಚಿಕೊಳ್ಳುತ್ತಿದ್ದೆವು. ಅಷ್ಟರಲ್ಲಿ ನಾನು ಇನ್‌ಸ್ಪೆಕ್ಟರ್ ಆಗಿ, ನನ್ನದೇ ನಂಬರಿನ ಮೊಹರು ಬಂದಿತ್ತು. ವಿಮಾನದ ಕೆಲಸದಲ್ಲಿ ಆ ಮೊಹರು ಎಂದರೆ ನಾಲಿಗೆ ಇದ್ದ ಹಾಗೆ. ಒತ್ತಿದೆವೆಂದರೆ ಇದು ಸರಿಯಿದೆ ಎಂದು ಮಾತು ಕೊಟ್ಟ ಹಾಗೆ.

ತೊಂಬತ್ತರ ದಶಕ ಶುರುವಾದ ಮೇಲೆ ಒಂದು ದಿನ ಬೆಂಗಳೂರಿನ ಒಂದು ಪ್ರಯೋಗಾಲಯದಿಂದ ಸುಮತಿ ಮೇಡಂ ಎಂಬ ವಿಜ್ಞಾನಿ ಬಂದರು. ಅವರ ಜೀಪಿನಲ್ಲಿ ಮೆತ್ತೆ ಹಾಸಿದ ಪೆಟ್ಟಿಗೆ ಇತ್ತು. ಮೂರ್ತಿ ಸಾರ್ ಕೋಣೆಯ ಬಾಗಿಲು ಹಾಕಿ, ಸಾರ್‌ಗೂ ನನಗೂ ಮಾತ್ರ ಮೇಡಂ ವಿಷಯ ತಿಳಿಸಿದರು. ಹೊರದೇಶಗಳಲ್ಲಿ ರೇಡಾರಿಗೆ ಕಾಣದ ವಿಮಾನಗಳು ಬರುತ್ತಿವೆಯಂತೆ. ರೇಡಾರಿನಿಂದ ಬಚ್ಚಿಟ್ಟುಕೊಂಡರೂ ಎಂಜಿನ್ನಿನ ಬಿಸಿ ಬಚ್ಚಿಡಲು ಆಗುವುದಿಲ್ಲ. ಆ ಬಿಸಿಯನ್ನೇ ದೂರದಿಂದ ನೋಡುವ ಕಣ್ಣು ಇದು. ಅದನ್ನಿಡಲು ವಿಮಾನದ ಮೈಯಲ್ಲಿ ಜಾಗವಿಲ್ಲ. ಅದಕ್ಕೇ ನಿಮ್ಮ ಟ್ಯಾಂಕಿನ ಮೂತಿಯಲ್ಲಿ ಕೂರಿಸಿ, ಇಂಧನವೂ ಇರಲಿ ಕಣ್ಣೂ ಇರಲಿ ಎಂದು ಒಂದು ಪ್ರಯತ್ನ ಎಂದರು ಮೇಡಂ. ಇಷ್ಟು ದಿನ ಕುರುಡಾಗಿದ್ದ ತೊಂಡೆಕಾಯಿಗೆ ಕಣ್ಣು ಬರುತ್ತದೆಯಲ್ಲ ಎಂದು ನನಗೆ ಮೈ ಜುಮ್ಮೆಂದಿತು.

ಆ ಕಣ್ಣು ನೋಡಲು ಕಣ್ಣಿನ ಹಾಗಿರಲಿಲ್ಲ. ಮುಂದಿನ ಗಾಜು ನಮಗೆ ಗಾಜೇ ಅಲ್ಲ. ಅದು ಜರ್ಮೇನಿಯಂ ಎಂಬ ವಸ್ತು. ಬೂದು ಬಣ್ಣದ ಲೋಹದ ಬಿಲ್ಲೆಯ ಹಾಗೆ ಇರುತ್ತದೆ, ಬೆಳಕು ಒಂದಿಷ್ಟೂ ಒಳಗೆ ಹೋಗುವುದಿಲ್ಲ. ಬಿಸಿ ಮಾತ್ರ ಹೋಗುತ್ತದೆ. ಅದರ ಮೇಲೆ ಉಸಿರಿಗಿಂತ ತೆಳುವಾದ ಒಂದು ಲೇಪವಿದೆ, ಬೆರಳು ಕೂಡ ತಾಗಬಾರದು ಎಂದು ಮೇಡಂ ಎರಡು ಸಲ ಹೇಳಿದರು. ಅವರು ಹೋದ ಮೇಲೆ ಮೂರ್ತಿ ಸಾರ್ ನನ್ನನ್ನು ನಿಲ್ಲಿಸಿ, ಹೊರಗೆ ಉಸಿರು ಬಿಡಬೇಡ, ಒಳಗೆ ಕೈಹಾಕುವವರಿಗೆ ಎಷ್ಟು ಬೇಕೋ ಅಷ್ಟು ಹೇಳು ಎಂದರು. ನನ್ನ ಕಿವಿಗೆ ಮೊದಲ ಅರ್ಧ ಮಾತ್ರ ಬಿತ್ತು.

ಕೈಹಾಕುವವರು ಇದ್ದದ್ದು ಒಬ್ಬರೇ, ಸೆಲ್ವರಾಜ್ ಮೇಸ್ತ್ರಿ. ಕಣ್ಣನ್ನು ಮೂತಿಯಲ್ಲಿ ಹಿಡಿದಿಡುವ ಬಳೆಯನ್ನು ಅವರೇ ಮಾಡಬೇಕಿತ್ತು. ನಾಲ್ಕು ವಾರ ಅದರ ಮುಂದೆ ಕುಳಿತರು. ಒಂದು ದಿನ ನನ್ನನ್ನು ಕರೆದು, ಇದೇನು ತಂಬಿ ಮೂತಿಗೆ ಬಿಲ್ಲೆ ಎಂದು ಕೇಳಿದರು. ಆಗ ನಾನು ಹೇಳಿದ ಮಾತನ್ನು ಇಲ್ಲಿ ಬರೆಯಲು ಇವತ್ತಿಗೂ ಕೈ ಹಿಂಜರಿಯುತ್ತದೆ. "ಅದೆಲ್ಲಾ ನಿಂಗ್ಯಾಕ್ ಮೇಸ್ತ್ರಿ, ಸೀಕ್ರೆಟ್ಟು" ಎಂದೆ. ಎದೆ ಉಬ್ಬಿಸಿಕೊಂಡು ಎಂದೆ. ಮೇಡಂ, ಮೂರ್ತಿ ಸಾರ್ ಬಿಟ್ಟರೆ ಇಡೀ ಕೆ.ಜಿ.ಎಫ್.ನಲ್ಲಿ ಗೊತ್ತಿರುವವನು ನಾನೊಬ್ಬನೇ ಎಂಬ ಜಂಬ. ಅವರು ಸರಿ ಎಂದು ತಲೆಯಾಡಿಸಿ ಮತ್ತೆ ಅರ ಹಿಡಿದರು.

ಆಯುಧಪೂಜೆ ಬಂತು. ನಮ್ಮ ಕಡೆ ಆಯುಧಪೂಜೆ ಎಂದರೆ ಕೆಲಸದವರ ನಿಜವಾದ ಹಬ್ಬ. ಹಿಂದಿನ ದಿನ ಯಂತ್ರ, ಸುತ್ತಿಗೆ, ಅರ ಎಲ್ಲ ತೊಳೆದು ಉಜ್ಜಿ ಫಳಫಳ ಮಾಡಬೇಕು. ಅವರವರ ಕೆಲಸದ ಸಾಮಾನು ಅವರವರದೇ ಪಾಲು, ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಆ ವರ್ಷ ಬೂದುಗುಂಬಳ, ಪುರಿ, ಹೂವು ತರುವ ಜವಾಬ್ದಾರಿ ನನ್ನದು. ಆಂಡರ್ಸನ್‌ಪೇಟೆ ಮಾರ್ಕೆಟ್ಟಿಗೆ ಹೋಗಿ ಆಟೋ ತುಂಬ ಕುಂಬಳಕಾಯಿ ಹೇರಿಕೊಂಡು ಮಧ್ಯಾಹ್ನದ ಹೊತ್ತಿಗೆ ವಾಪಸು ಬಂದೆ.

ಷೆಡ್ಡಿನ ನಡುವೆ ಟ್ಯಾಂಕು ಮದುಮಗನ ಹಾಗೆ ನಿಂತಿತ್ತು. ಕೊರಳಿಗೆ ಸೇವಂತಿಗೆ ಹಾರ. ಕಣ್ಣಿನ ಮೇಲಿನ ಕೆಂಪು ಮುಚ್ಚಳ ತೆಗೆದು ಪಕ್ಕಕ್ಕಿಟ್ಟಿದ್ದರು. ಬೂದು ಬಿಲ್ಲೆ ದೇವರ ಮನೆಯ ತಟ್ಟೆಯ ಹಾಗೆ ಥಳಥಳ ಹೊಳೆಯುತ್ತಿತ್ತು. ಅದರ ಮೇಲೆ ಅಡ್ಡಕ್ಕೆ ಮೂರು ಎಳೆ ವಿಭೂತಿ, ನಡುವೆ ದುಂಡಗೆ ಕುಂಕುಮ. ಕೆಳಗೆ ನೆಲದ ಮೇಲೆ ಹುಣಸೆಹಣ್ಣಿನ ಸಿಪ್ಪೆ, ಒಲೆ ಬೂದಿ ಇದ್ದ ಬಟ್ಟಲು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದು, ಮಂಕಾಗಿತ್ತು ತಂಬಿ, ಮುಖ ಮುಚ್ಚಿದ ದೇವರಿಗೆ ಪೂಜೆ ಮಾಡೋದು ಹೆಂಗೆ, ಎರಡು ಗಂಟೆ ಉಜ್ಜಿದೆ ನೋಡು ಎಂದರು. ಅಷ್ಟು ಖುಷಿಯಾಗಿದ್ದ ಅವರ ಮುಖವನ್ನು ನಾನು ಅಪರೂಪಕ್ಕೆ ನೋಡಿದ್ದೆ.

ಸಿನಿಮಾದಲ್ಲಾಗಿದ್ದರೆ ನನ್ನ ಕೈಯಿಂದ ಕುಂಬಳಕಾಯಿ ಬಿದ್ದು ಒಡೆಯುತ್ತಿತ್ತು. ನಾನು ಅದನ್ನು ಜೋಪಾನವಾಗಿ ನೆಲಕ್ಕಿಟ್ಟು, ಚೆನ್ನಾಗೈತೆ ಮೇಸ್ತ್ರಿ ಎಂದೆ. ಆಮೇಲೆ ಅವರು ಆ ಕಡೆ ಹೋದಾಗ ಒಂದು ಟಾರ್ಚು ಓರೆಯಾಗಿ ಹಿಡಿದು ನೋಡಿದೆ. ಬಿಲ್ಲೆಯ ತುಂಬ ಕೂದಲೆಳೆಯಷ್ಟು ಸಣ್ಣ ಗೀರುಗಳು, ಸುತ್ತುಸುತ್ತಾಗಿ. ಲೇಪ ಹೋಗಿ ಒಳಗಿನ ಬಣ್ಣ ಕಾಣುತ್ತಿತ್ತು. ಪ್ರಯೋಗಾಲಯದಲ್ಲಿ ಇಂಥದ್ದು ಇನ್ನೊಂದೇ ಇದೆ ಎಂದು ಮೇಡಂ ಹೇಳಿದ್ದು ನೆನಪಿಗೆ ಬಂತು.

ಮೂರು ದಿನ ರಜೆ. ಮೂರು ದಿನವೂ ನನಗೆ ಊಟ ಸೇರಲಿಲ್ಲ. ಮೇಸ್ತ್ರಿ ಸಂಕ್ರಾಂತಿ ಕಳೆದು ಆ ತಿಂಗಳ ಕೊನೆಗೆ ನಿವೃತ್ತರಾಗುವವರು. ಹೇಳಿದರೆ, ಇಡೀ ಜೀವಮಾನ ಮಾಡಿದ ಕೆಲಸ ಒಂದು ಬಟ್ಟಲು ಬೂದಿಗೆ ಹೋಗುತ್ತದೆ. ಹೇಳದಿದ್ದರೂ ಯಾರಿಗೂ ತಿಳಿಯದಿರಬಹುದು, ಬರಿಗಣ್ಣಿಗೆ ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಗಾಜಿನ ಹಿಂದೆ ನಾಳೆ ಒಬ್ಬ ಹುಡುಗ ಕೂತು ಕತ್ತಲಲ್ಲಿ ಎದುರಾಳಿಯನ್ನು ಹುಡುಕಬೇಕು. ಹಾಲು ಕರೆಯುವಾಗ ಹೆಂಡತಿ ನಂಜಮ್ಮನಿಗೆ ಗಾಜಿನ ಗುಟ್ಟು ಬಿಟ್ಟು ಉಳಿದದ್ದನ್ನೆಲ್ಲ ಹೇಳಿ, ಮುದುಕಪ್ಪ ಎಂಥ ಕೆಲಸ ಮಾಡಿಬಿಟ್ಟ ನೋಡು ಎಂದು ಗೊಣಗಿದೆ. ಅವಳು ಕೆಚ್ಚಲು ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಅದು ಏನೂಂತ ನೀನ್ ಏಳ್ಲಿಲ್ಲಾಂದ್ರೆ ಆವಯ್ಯಂಗೆ ಎಂಗ್ ಗೊತ್ತಾಗ್ಬೇಕು?" ಎಂದಳು.

ಅಲ್ಲಿಯವರೆಗೆ ಆ ಪ್ರಶ್ನೆ ನನ್ನ ತಲೆಗೆ ಬಂದೇ ಇರಲಿಲ್ಲ ಎಂದರೆ ನಂಬುತ್ತೀರಾ? ಮೂರು ದಿನದಿಂದ ಅವರ ತಪ್ಪನ್ನು ಹೇಳಲೋ ಬೇಡವೋ ಎಂದು ಒದ್ದಾಡುತ್ತಿದ್ದವನು ನಾನು. ತಪ್ಪು ಯಾರದು ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಹಸುವಿನ ಪಕ್ಕದಲ್ಲಿ ಹಾಗೇ ಕೂತುಬಿಟ್ಟೆ. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

ರಜೆ ಮುಗಿದ ಬೆಳಿಗ್ಗೆ ನೇರ ಮೂರ್ತಿ ಸಾರ್ ಕೋಣೆಗೆ ಹೋಗಿ ಹೇಳಿದೆ. ಕಣ್ಣಿನ ಗಾಜು ಗೀರಾಗಿದೆ, ಅದೇನೆಂದು ಕೈಹಾಕುವವರಿಗೆ ನಾನು ಹೇಳಿರಲಿಲ್ಲ, ಕೇಳಿದಾಗಲೂ ಹೇಳಲಿಲ್ಲ ಎಂದೆ. ಅವರು ಪೆನ್ನಿನ ಟೋಪಿ ತಿರುಗಿಸುತ್ತ, ಉಜ್ಜಿದ್ದು ಯಾರು ಎಂದು ಕೇಳಿದರು. ನಾನು ಮತ್ತೆ, ನಾನು ಹೇಳಿರಲಿಲ್ಲ ಸಾರ್ ಎಂದೆ. ನಾನು ಕೇಳಿದ್ದು ಅದಲ್ಲ ಎಂದರು. ಬಾಗಿಲು ತೆರೆದೇ ಇತ್ತು. ಮುಂಜಾನೆಯ ಬೆಳಕು ಓರೆಯಾಗಿ ಬಿದ್ದಾಗ ಗೀರುಗಳು ಮೇಸ್ತ್ರಿಗೂ ಕಂಡಿದ್ದವೆಂದು ತೋರುತ್ತದೆ. ವಿಷಯ ತಿಳಿಸಲು ಬಂದವರು ನನ್ನ ಮಾತನ್ನೆಲ್ಲ ಹೊಸಿಲಲ್ಲಿ ನಿಂತು ಕೇಳಿದ್ದರು. ಒಳಗೆ ಬಂದು, ಕೈ ನನ್ನದು ಸಾರ್ ಎಂದರು.

ಮೂರ್ತಿ ಸಾರ್ ವರದಿಯಲ್ಲಿ ಇಬ್ಬರ ಹೆಸರನ್ನೂ ಬರೆದರು, ಮೇಲೆ ತಮ್ಮ ಹೆಸರನ್ನೂ ಬರೆದುಕೊಂಡರು. ನನ್ನ ಮೊಹರನ್ನು ಕೇಳಿ ಪಡೆದು ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದರು. ಮೇಸ್ತ್ರಿ ಆ ಟ್ಯಾಂಕಿಗೆ ಕೈಹಾಕಬಾರದೆಂದು ಮೇಲಿನಿಂದ ಆದೇಶ ಬಂತು. ಇನ್ನು ಮುಂದೆ ಪೂಜೆಗೆಂದು ಒಂದು ಗುಜರಿ ಟ್ಯಾಂಕನ್ನು ಬೇರೆಯೇ ಇಡಬೇಕು, ಕುಂಕುಮ ಹೂವು ಎಲ್ಲ ಅದಕ್ಕೇ, ನಡೆಯುತ್ತಿರುವ ಕೆಲಸಕ್ಕೆ ಅಲ್ಲ ಎಂಬ ನಿಯಮವೂ ಅಂದೇ ಬಂತು. ಈಗ ನೀವು ಆಯುಧಪೂಜೆಯಲ್ಲಿ ಮಂಗಳಾರತಿ ಎತ್ತುವ ಆ ಸೊಟ್ಟ ಟ್ಯಾಂಕು ಅದೇ.

ಮೊಹರು ಹೋದದ್ದು ನನಗೆ ಅಷ್ಟೇನೂ ನೋಯಿಸಲಿಲ್ಲ. ಆವತ್ತು ಮಧ್ಯಾಹ್ನ ಊಟಕ್ಕೆ ಬೆಂಚಿಗೆ ಹೋದರೆ ಮೇಸ್ತ್ರಿ ಅಲ್ಲಿರಲಿಲ್ಲ. ಷೆಡ್ಡಿನ ಆ ತುದಿಯಲ್ಲಿ ಗ್ಯಾಸ್ ಸಿಲಿಂಡರುಗಳ ಪಕ್ಕ ಒಬ್ಬರೇ ಕುಳಿತಿದ್ದರು. ಹತ್ತಿರ ಹೋಗಿ, ಆದೇಶದ ವಿಷಯಕ್ಕೆ ಬೇಜಾರಾಯಿತಾ ಎಂದು ಕೇಳಿದೆ.

"ಆದೇಶ ಕಿಡಕ್ಕಟ್ಟುಂ, ಬಿದ್ದಿರ್ಲಿ. ಗೀಚಿದ್ದು ನಾನು, ಶಿಕ್ಷೆ ನಂಗೇ ಬರ್ಲಿ," ಎಂದರು. "ಇಷ್ಟ್ ವರ್ಷ ನಿನ್ ತಟ್ಟೇಲಿ ಕೈ ಇಟ್ಟು ಉಂಡಿದೀನಿ. ಅದು ಕಣ್ಣು ಅಂತ ಒಂದ್ ಮಾತ್ ಏಳಕ್ಕಾಗ್ಲಿಲ್ವಾ ತಂಬಿ ನಿಂಗೆ? ಕಣ್ಣು ಅಂತ ಗೊತ್ತಿದ್ರೆ ಯಾರಾನಾ ಬೂದಿ ಆಕ್ತಾರಾ?"

ತಪ್ಪಾಯಿತು ಎಂದೆ. ಅವರು ತಲೆಯೆತ್ತಲಿಲ್ಲ. ಅಂದಿನಿಂದ ಮಾತು ನಿಂತಿತು. ಕೆಲಸದ ಮಾತು ಮಾತ್ರ, ಅದೂ ಎರಡೇ ಪದ. ನನ್ನನ್ನು ತಂಬಿ ಎನ್ನುವುದು ಬಿಟ್ಟು ಮುನಿಯಪ್ಪ ಎನ್ನತೊಡಗಿದರು. ನನ್ನ ಹೆಸರು ಅದೇ ಆದರೂ ಅವರ ಬಾಯಲ್ಲಿ ಅದನ್ನು ಕೇಳಿದರೆ ಯಾರೋ ಬೇರೆಯವರನ್ನು ಕರೆದಂತಾಗುತ್ತಿತ್ತು. ಮೊಹರಿಲ್ಲದ ನಾನು ಮತ್ತೆ ಸೋಪಿನ ಬ್ರಷ್ ಹಿಡಿದು ಅವರ ಬೆಸುಗೆಗಳನ್ನು ಒರೆಸುತ್ತಿದ್ದೆ. ಸಂಕ್ರಾಂತಿಗೆ ಎಷ್ಟು ವಾರ, ತಿಂಗಳ ಕೊನೆಗೆ ಎಷ್ಟು ದಿನ ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಈ ಮನುಷ್ಯ ನನ್ನೊಡನೆ ಮುನಿಸಿಕೊಂಡೇ ಗೇಟು ದಾಟಿ ಹೋಗಿಬಿಡುತ್ತಾರಲ್ಲ ಎಂಬುದೊಂದೇ ನನ್ನ ಸಂಕಟವಾಗಿತ್ತು.

ಸಂಕ್ರಾಂತಿ ಆಗಿ ಒಂದು ವಾರಕ್ಕೆ ಸುಮತಿ ಮೇಡಂ ಉಳಿದಿದ್ದ ಆ ಒಂದು ಗಾಜನ್ನು ತಂದು ತಾವೇ ಕೂರಿಸಿದರು. ಗೀರಾದದ್ದಕ್ಕೆ ನಮ್ಮನ್ನು ಬೈಯುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರು, ಮುಚ್ಚಳದ ಮೇಲೆ ಇದು ಗಾಜು ಎಂದು ಕನ್ನಡದಲ್ಲೂ ತಮಿಳಿನಲ್ಲೂ ಬರೆಯದೇ ಇದ್ದದ್ದು ನಮ್ಮ ತಪ್ಪು ಎಂದರು. ಬರೆದೂ ತಂದಿದ್ದರು. ಮೂಲೆಯ ಕೋಣೆಯಲ್ಲಿ ಪರೀಕ್ಷೆಗೆ ಅಣಿ ಮಾಡಿದರು. ಕಣ್ಣಿದ್ದ ಟ್ಯಾಂಕು ಒಂದು ಕಡೆ, ಅದರ ಎದುರು ಹತ್ತು ಹೆಜ್ಜೆ ದೂರದಲ್ಲಿ ಫೈಬರಿನಲ್ಲಿ ಮಾಡಿ ಬಣ್ಣ ಬಳಿದ ಒಂದು ಖಾಲಿ ಮೂತಿ, ಪಕ್ಕದಲ್ಲಿ ಕಪ್ಪು ಬಿಳುಪು ಟಿ.ವಿ. ಕಣ್ಣಿನ ಮುಂದೆ ಯಾರಾದರೂ ಬಂದು ನಿಲ್ಲಬೇಕು, ಬಿಸಿಯಿರುವ ಮೈ ಬೇಕು ಎಂದರು. ನಾನೇ ನಿಲ್ಲಬಹುದಿತ್ತು. ಸೆಲ್ವರಾಜ್ ಮೇಸ್ತ್ರಿಯನ್ನು ಕರೆಯಲಾ ಎಂದು ಮೂರ್ತಿ ಸಾರ್ ಮುಖ ನೋಡಿದೆ. ಆದೇಶ ಇರುವುದು ಕೈಹಾಕಬಾರದು ಎಂದು, ಮುಂದೆ ನಿಲ್ಲಬಾರದು ಎಂದಲ್ಲ ಎಂದರು ಅವರು.

ಮೇಸ್ತ್ರಿ ಬರಲು ಒಪ್ಪಲಿಲ್ಲ. ಅದರ ಹತ್ತಿರ ನಾನು ಬರಲ್ಲ ಮುನಿಯಪ್ಪ ಎಂದು ಅರ ಉಜ್ಜುತ್ತಲೇ ಇದ್ದರು. ನಾನು ಸಿಲಿಂಡರಿನ ಪಕ್ಕ ನೆಲದ ಮೇಲೆ ಕುಳಿತೆ. ಕುಳಿತು, ಶುರುವಿನಿಂದ ಹೇಳಿದೆ. ರೇಡಾರಿಗೆ ಕಾಣದ ವಿಮಾನದ ವಿಷಯ, ಬಿಸಿ ಬಚ್ಚಿಡಲಾಗದ ವಿಷಯ, ಬೆಳಕನ್ನು ಒಳಗೆ ಬಿಡದ ಆ ಬಿಲ್ಲೆ, ಅದರ ಮೇಲಿನ ಲೇಪ, ಒಳಗಿನ ಕಣ್ಣನ್ನು ತಣ್ಣಗಿಡುವ ಗ್ಯಾಸು, ಅವರು ಮಾಡಿದ ಬಳೆ ಒಂದು ಕೂದಲಿನಷ್ಟು ಅಲುಗಾಡಿದರೆ ಆ ಹುಡುಗನಿಗೆ ದೂರದಲ್ಲಿ ಎಲ್ಲ ಅಲ್ಲಾಡುವುದು. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೆ. ಹೇಳುತ್ತ ಹೋದ ಹಾಗೆ ಅರದ ಸದ್ದು ನಿಧಾನವಾಗಿ ನಿಂತಿತು. ಕೊನೆಗೆ ಅವರು ಒಂದೇ ಒಂದು ಪ್ರಶ್ನೆ ಕೇಳಿದರು. ಬಳೆ ಅಲುಗಾಡುತ್ತಾ ಎಂದು. ಇಲ್ಲ ಮೇಸ್ತ್ರಿ, ಮೇಡಂ ಅಳೆದು ನೋಡಿದಾರೆ, ಅಲುಗಾಡಲ್ಲ ಎಂದೆ. ಅವರು ಎದ್ದು ಕೈ ತೊಳೆದುಕೊಂಡರು.

ಕೋಣೆಯೊಳಗೆ ಬಂದವರು ಮೊದಲು ಟಿ.ವಿ. ನೋಡಿ ನಿಂತರು. ಅದರಲ್ಲಿ ಬೆಳ್ಳಗೆ ಒಬ್ಬ ಮನುಷ್ಯ ನಿಂತಿದ್ದ. ಮುಖ ಹೊಳೆಯುತ್ತಿತ್ತು, ಮೂಗಿನ ತುದಿ ಸ್ವಲ್ಪ ಕಪ್ಪು, ಕನ್ನಡಕ ಇದ್ದ ಜಾಗದಲ್ಲಿ ಎರಡು ಕರೀ ಬಿಲ್ಲೆ. ಕನ್ನಡಕದ ಗಾಜಿನ ಆಚೆಯದು ನಮಗೆ ಕಾಣುತ್ತದೆ, ಈ ಕಣ್ಣಿಗೆ ಆ ಗಾಜು ಗೋಡೆ ಎಂದು ಮೇಡಂ ವಿವರಿಸಿದರು. ಮೇಸ್ತ್ರಿ ಕೈ ಎತ್ತಿದರೆ ಆ ಬೆಳ್ಳನೆಯವನೂ ಎತ್ತಿದ. ಅವರ ಹಣೆಯ ವಿಭೂತಿ ಅದರಲ್ಲಿ ಕಾಣಲೇ ಇಲ್ಲ. ಅದಕ್ಕೆ ಅವರಿಗೆ ನಗು ಬಂತು. ಮೂರು ತಿಂಗಳಿಗೆ ಮೊದಲ ಸಲ ನಾನು ಆ ನಗು ನೋಡಿದೆ.

ಎದುರಿನ ಮೂತಿಯ ಮೇಲೆ ಅಂಗೈ ಒತ್ತಿ, ಹತ್ತು ಎಣಿಸಿ ತೆಗೆಯಿರಿ ಎಂದು ಮೇಡಂ ಕೇಳಿಕೊಂಡರು. ಮೇಸ್ತ್ರಿ ಅನುಮಾನದಿಂದ ನನ್ನ ಕಡೆ ನೋಡಿದರು. ಅದನ್ನ ಮುಟ್ಟಬೋದು ಮೇಸ್ತ್ರಿ, ಬರೀ ಫೈಬರು ಎಂದೆ. ಒತ್ತಿದರು. ತೆಗೆದರು. ಟಿ.ವಿ.ಯಲ್ಲಿ ಅವರು ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದರೂ ಮೂತಿಯ ಮೇಲೆ ಕೈ ಹಾಗೇ ಇತ್ತು. ಐದು ಬೆರಳು, ಉರಿ ತಾಗಿ ಸೊಟ್ಟಗಾಗಿದ್ದ ಕಿರುಬೆರಳು ಕೂಡ, ಬೆಳ್ಳಗೆ. ಬರಿಗಣ್ಣಿನಿಂದ ನೋಡಿದರೆ ಅಲ್ಲಿ ಬಣ್ಣ ಬಿಟ್ಟು ಏನೂ ಇಲ್ಲ.

"ಕೈ ಎತ್ಕೊಂಡ್ಮೇಲೂ ಐತಲ್ಲಮ್ಮಾ," ಎಂದರು ಅವರು.

ನಿಮ್ಮ ಬಿಸಿ ಅಲ್ಲಿ ಉಳಿದಿದೆ, ಸ್ವಲ್ಪ ಹೊತ್ತು ಇರುತ್ತದೆ ಎಂದರು ಮೇಡಂ. ಮೇಸ್ತ್ರಿ ಅದನ್ನೇ ನೋಡುತ್ತ ನಿಂತರು. ಮುಂದಿನ ವಾರ ಗೇಟಿನಿಂದ ಹೊರಗೆ ಹೋಗಿ ಮತ್ತೆ ಈ ಷೆಡ್ಡಿಗೆ ಬಾರದಿರುವ ಮನುಷ್ಯ ಅವರು. ಅಂಚಿನಿಂದ ಕೈ ಮಾಸತೊಡಗಿತು. ಅವರು ತಿರುಗದೆಯೇ, "ಬಾ ತಂಬಿ, ನೀನೂ ಇಡು," ಎಂದರು.

ನಾನು ಹೋಗಿ ಅವರ ಕೈಯ ಪಕ್ಕದಲ್ಲಿ ನನ್ನದನ್ನು ಇಟ್ಟು ತೆಗೆದೆ. ಟಿ.ವಿ.ಯಲ್ಲಿ ಎರಡೂ ಇದ್ದವು, ಅವರದು ತೆಳ್ಳಗೆ, ನನ್ನದು ಗಟ್ಟಿಯಾಗಿ. ಅವರ ಕೈ ಮೊದಲು ಹೋಯಿತು. ಅದು ಪೂರ್ತಿ ಹೋದದ್ದನ್ನು ನೋಡಿ, ಅವರು ಷರ್ಟಿಗೆ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮತ್ತೆ ಅದೇ ಜಾಗದಲ್ಲಿ ಇಟ್ಟರು.